ಒಂಬತ್ತನೇ ತರಗತಿಗೆ ಹಾರ್ಡ್‌ವೇರ್ ಇಂಟರಪ್ಟ್: ಗೆಂಡೆಹಳ್ಳಿಯಲ್ಲಿ ಎರಡು ಅವಧಿಗಳ ಬೋಧನಾಭ್ಯಾಸ

ಪಾಠದ ಹಿನ್ನೆಲೆ

ಬಿ.ಎಸ್ಸಿ.ಯಲ್ಲಿ ಭೌತವಿಜ್ಞಾನ, ಗಣಿತ, ಗಣಕವಿಜ್ಞಾನ ಓದಿ ಬಿ.ಇಡಿ.ಗೆ ಬಂದಿರುವ ನನಗೆ ಬೋಧನಾಭ್ಯಾಸಕ್ಕೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಪ್ರೌಢಶಾಲೆಯೊಂದು ದೊರೆಯಿತು. ವಿಜ್ಞಾನ ಮತ್ತು ಗಣಿತದ ಪಾಠಗಳ ಜೊತೆಗೆ ಒಂಬತ್ತನೇ ತರಗತಿಗೆ ಗಣಕಯಂತ್ರದ ಎರಡು ಅವಧಿಗಳನ್ನು ತೆಗೆದುಕೊಳ್ಳಲು ಮಾರ್ಗದರ್ಶಕ ಶಿಕ್ಷಕರು ಅನುಮತಿ ನೀಡಿದರು. ಆ ಎರಡು ಅವಧಿಗಳ ಪಾಠ ಯೋಜನೆ, ನಡೆದ ಕ್ರಮ ಮತ್ತು ಅದರಿಂದ ತರಗತಿ ನಿರ್ವಹಣೆಗೆ ದೊರೆತ ಒಂದು ಸೂಚನೆಯನ್ನು ಇಲ್ಲಿ ದಾಖಲಿಸಿದ್ದೇನೆ.

ಗಣಕಯಂತ್ರದ ಭಾಗಗಳ ಚಿತ್ರವನ್ನು ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಇನ್‌ಪುಟ್ ಸಾಧನ, ಸಿಪಿಯು, ಔಟ್‌ಪುಟ್ ಸಾಧನ ಎಂದು ಮೂರು ಪೆಟ್ಟಿಗೆ ಬರೆದು ನಡುವೆ ಬಾಣ ಎಳೆಯುತ್ತಾರೆ. ‘ಕೀಲಿಮಣೆಯಲ್ಲಿ ಕೀಲಿ ಒತ್ತಿದ್ದು ಸಿಪಿಯುಗೆ ಗೊತ್ತಾಗುವುದು ಹೇಗೆ?’ ಎಂದು ಪೂರ್ವಪರೀಕ್ಷೆಯಲ್ಲಿ ಕೇಳಿದೆ. ಹೆಚ್ಚಿನವರು ‘ವೈರ್ ಮೂಲಕ’ ಎಂದು ಬರೆದರು. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಸಿಪಿಯು ಆ ಹೊತ್ತಿನಲ್ಲಿ ಬೇರೆ ಕೆಲಸದಲ್ಲಿ ಮುಳುಗಿರುತ್ತದೆ. ವೈರ್‌ನ ತುದಿಯಲ್ಲಿ ಬಂದು ನಿಂತ ಸುದ್ದಿಯನ್ನು ಅದು ಯಾವಾಗ, ಹೇಗೆ ನೋಡುತ್ತದೆ ಎಂಬ ಪ್ರಶ್ನೆ ಆ ಪುಟ್ಟ ಬಾಣದೊಳಗೆ ಅಡಗಿದೆ. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಬರುವ ‘ಡಿವೈಸ್ ಡ್ರೈವರ್’ ಎಂಬ ಪದಕ್ಕೂ ಇದೇ ಪ್ರಶ್ನೆಯ ಮೂಲಕ ಅರ್ಥ ಬರುತ್ತದೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ.

ಕಲಿಕಾ ಉದ್ದೇಶಗಳು

1. ಪದೇ ಪದೇ ನೋಡುವ ವಿಧಾನ ಅಂದರೆ ಪೋಲಿಂಗ್ ಮತ್ತು ಕರೆ ಬಂದಾಗ ನೋಡುವ ವಿಧಾನ ಅಂದರೆ ಇಂಟರಪ್ಟ್, ಇವೆರಡರ ವ್ಯತ್ಯಾಸವನ್ನು ವಿದ್ಯಾರ್ಥಿಯು ಉದಾಹರಣೆಯೊಂದಿಗೆ ಹೇಳುತ್ತಾನೆ/ಳೆ.
2. ಇಂಟರಪ್ಟ್ ಬಂದಾಗ ನಡೆಯುವ ಹಂತಗಳನ್ನು ಕ್ರಮವಾಗಿ ಬರೆಯುತ್ತಾನೆ/ಳೆ.
3. ಡ್ರೈವರ್ ತನ್ನ ಕೆಲಸವನ್ನು ತುರ್ತು ಪಾಲು ಮತ್ತು ನಂತರದ ಪಾಲು ಎಂದು ಏಕೆ ವಿಂಗಡಿಸುತ್ತದೆ ಎಂಬುದಕ್ಕೆ ಕಾರಣ ಕೊಡುತ್ತಾನೆ/ಳೆ.
4. ಕೀಲಿ ಸಂಕೇತಗಳ ಪಟ್ಟಿಯನ್ನು ನೋಡಿ ಎಷ್ಟು ಇಂಟರಪ್ಟ್‌ಗಳು ಬರಬಹುದೆಂದು ಊಹಿಸಿ, ಪರದೆಯ ಮೇಲೆ ಪರಿಶೀಲಿಸುತ್ತಾನೆ/ಳೆ.

ಪದದ ಬಗ್ಗೆ ಒಂದು ಮಾತು. ಇಂಟರಪ್ಟ್‌ಗೆ ‘ಅಡಚಣೆ’ ಎಂಬ ಅನುವಾದ ಬಳಕೆಯಲ್ಲಿದೆ. ಮಕ್ಕಳ ಕಿವಿಗೆ ಅಡಚಣೆ ಎಂದರೆ ತೊಂದರೆ, ಅಡ್ಡಿ. ಅದನ್ನು ನಿವಾರಿಸಬೇಕು ಎನಿಸುತ್ತದೆ. ಇಲ್ಲಿ ಮಾತ್ರ ಅದು ಬೇಕಾಗಿಯೇ ಏರ್ಪಡಿಸಿಕೊಂಡ ವ್ಯವಸ್ಥೆ. ಆದ್ದರಿಂದ ತಾಂತ್ರಿಕ ಪದವಾಗಿ ‘ಇಂಟರಪ್ಟ್’ ಎಂದೇ ಉಳಿಸಿಕೊಂಡು, ಮಾತಿನಲ್ಲಿ ‘ಕರೆ’ ಎಂದು ಬಳಸಿದೆ.

ಬೋಧಿಸುವವರಿಗಾಗಿ ವಿಷಯ ವಿಶ್ಲೇಷಣೆ

ಸಾಧನವೊಂದು ಗಮನ ಬೇಕೆಂದಾಗ ತನ್ನ ಇಂಟರಪ್ಟ್ ತಂತಿಯಲ್ಲಿ ವಿದ್ಯುತ್ ಸಂಕೇತ ಕೊಡುತ್ತದೆ. ಅನೇಕ ಸಾಧನಗಳು ಇರುವುದರಿಂದ ನಡುವೆ ಒಂದು ಇಂಟರಪ್ಟ್ ಕಂಟ್ರೋಲರ್ ಇರುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು 8259 ಎಂಬ ಚಿಪ್. ಅದಕ್ಕೆ 8 ತಂತಿಗಳು. 0ನೇ ತಂತಿ ಟೈಮರ್‌ಗೆ, 1ನೇ ತಂತಿ ಕೀಲಿಮಣೆಗೆ. ಎರಡೂ ಒಟ್ಟಿಗೆ ಕರೆದರೆ 0ನೇ ತಂತಿಗೆ ಮೊದಲ ಆದ್ಯತೆ. 1984ರ ಪಿಸಿ ಎಟಿಯಲ್ಲಿ ಇಂಥ ಎರಡು ಚಿಪ್‌ಗಳನ್ನು ಜೋಡಿಸಿ 15 ತಂತಿಗಳನ್ನು ಬಳಕೆಗೆ ತಂದರು. ಈಗಿನ ಯಂತ್ರಗಳಲ್ಲಿ ಎಪಿಕ್ ಎಂಬ ಸುಧಾರಿತ ವ್ಯವಸ್ಥೆ ಇದೆ. ಆದರೂ ಲ್ಯಾಪ್‌ಟಾಪ್‌ನ ಒಳಗಿನ ಕೀಲಿಮಣೆ ಹಲವು ಯಂತ್ರಗಳಲ್ಲಿ ಇಂದಿಗೂ 1ನೇ ಸಂಖ್ಯೆಯಲ್ಲೇ ಇದೆ.

ಕರೆ ತಲುಪಿದಾಗ ಸಿಪಿಯು ಕೈಯಲ್ಲಿರುವ ಒಂದು ಸೂಚನೆಯನ್ನು ಮುಗಿಸುತ್ತದೆ. ಮುಂದೆ ಎಲ್ಲಿಂದ ಆರಂಭಿಸಬೇಕು ಎಂಬ ವಿಳಾಸವನ್ನೂ ತನ್ನ ಸ್ಥಿತಿಯನ್ನೂ ಸ್ಟ್ಯಾಕ್‌ನಲ್ಲಿ ಬರೆದಿಡುತ್ತದೆ. ಯಾವ ಸಂಖ್ಯೆಯ ಕರೆಗೆ ಯಾವ ಫಂಕ್ಷನ್ ಎಂಬ ಪಟ್ಟಿಯನ್ನು ನೋಡಿ ಅಲ್ಲಿಗೆ ಹೋಗುತ್ತದೆ. ಈ ಫಂಕ್ಷನ್‌ಗೆ ಇಂಟರಪ್ಟ್ ಹ್ಯಾಂಡ್ಲರ್ ಎಂದು ಹೆಸರು. ಅದನ್ನು ಬರೆದು ಕೊಡುವುದು ಡ್ರೈವರ್‌ನ ಹೊಣೆ. ಕೆಲಸ ಮುಗಿದ ಮೇಲೆ ಬರೆದಿಟ್ಟದ್ದನ್ನು ಓದಿ, ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ನಿಲ್ಲಿಸಲ್ಪಟ್ಟ ಪ್ರೋಗ್ರಾಂಗೆ ತಾನು ನಿಂತದ್ದೇ ತಿಳಿಯುವುದಿಲ್ಲ.

ಲಿನಕ್ಸ್‌ನಲ್ಲಿ ಡ್ರೈವರ್ ಆರಂಭದಲ್ಲೇ ‘ರಿಕ್ವೆಸ್ಟ್ ಐಆರ್‌ಕ್ಯು’ ಎಂಬ ಫಂಕ್ಷನ್ ಮೂಲಕ ಹೆಸರು ನೋಂದಾಯಿಸುತ್ತದೆ. ಅದಕ್ಕೆ ಐದು ಸಂಗತಿ ಕೊಡಬೇಕು: ಕರೆಯ ಸಂಖ್ಯೆ, ಹ್ಯಾಂಡ್ಲರ್ ಯಾವುದು, ಷರತ್ತುಗಳು, ತನ್ನ ಹೆಸರು, ಸಾಧನದ ಗುರುತು. ಡ್ರೈವರ್ ಹೊರಹೋಗುವಾಗ ‘ಫ್ರೀ ಐಆರ್‌ಕ್ಯು’ ಮೂಲಕ ನೋಂದಣಿ ರದ್ದು ಮಾಡಬೇಕು.

ಮೊದಲ ಅವಧಿ: ತೊಡಗಿಸುವಿಕೆ ಮತ್ತು ಅನ್ವೇಷಣೆ

ಪೀಠಿಕೆಗೆ ಪಂಪ್‌ಸೆಟ್ಟಿನ ಉದಾಹರಣೆ ಬಳಸಿದೆ. ‘ತ್ರೀ ಫೇಸ್ ಕರೆಂಟ್ ಬಂದದ್ದು ನಿಮ್ಮ ಮನೆಯಲ್ಲಿ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದಾಗ ಎರಡು ಬಗೆಯ ಉತ್ತರ ಬಂದವು. ಕೆಲವರ ಮನೆಯಲ್ಲಿ ಯಾರಾದರೂ ಆಗಾಗ ಎದ್ದು ಹೋಗಿ ಸ್ಟಾರ್ಟರ್ ಪೆಟ್ಟಿಗೆಯ ದೀಪ ನೋಡಿ ಬರುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಮೊಬೈಲ್ ಸ್ಟಾರ್ಟರ್ ಇದೆ. ಕರೆಂಟ್ ಬಂದ ಕೂಡಲೇ ಅದೇ ಫೋನ್ ಮಾಡುತ್ತದೆ. ಮೊದಲನೆಯದು ಪೋಲಿಂಗ್, ಎರಡನೆಯದು ಇಂಟರಪ್ಟ್ ಎಂದು ಕಪ್ಪುಹಲಗೆಯಲ್ಲಿ ಬರೆದೆ. ‘ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ನೋಡಿದರೆ ಕರೆಂಟೇ ಇರುವುದಿಲ್ಲ’ ಎಂದು ಒಬ್ಬ ಹುಡುಗ ಹೇಳಿದ. ಪೋಲಿಂಗ್‌ನ ದೋಷಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿರಲಿಲ್ಲ.

ನಂತರ ಒಂದು ಲೆಕ್ಕ ಕೊಟ್ಟೆ. ಸಿಪಿಯು ಕೀಲಿಮಣೆಯನ್ನು ಸೆಕೆಂಡಿಗೆ 1,000 ಬಾರಿ ನೋಡುತ್ತದೆ ಎಂದುಕೊಳ್ಳೋಣ. ಒಂದು ಗಂಟೆಗೆ 36,00,000 ಬಾರಿ. ಸೆಕೆಂಡಿಗೆ 2 ಕೀಲಿಯಂತೆ ಟೈಪ್ ಮಾಡುವವರು ಒಂದು ಗಂಟೆಯಲ್ಲಿ ಒತ್ತುವುದು 7,200 ಕೀಲಿ. ಅಂದರೆ 35,92,800 ಬಾರಿ ನೋಡಿದ್ದು ವ್ಯರ್ಥ. ಮಕ್ಕಳೇ ಕಳೆದು ಉತ್ತರ ಹೇಳಿದರು.

ಚಟುವಟಿಕೆ. ಒಬ್ಬ ವಿದ್ಯಾರ್ಥಿನಿ ‘ಸಿಪಿಯು’. ಅವಳ ಕೆಲಸ 13ರ ಮಗ್ಗಿಯನ್ನು 20ರವರೆಗೆ ಹಲಗೆಯ ಮೇಲೆ ಬರೆಯುವುದು. ಹಿಂದೆ ಮೇಜಿನ ಬಳಿ ಒಬ್ಬ ‘ಕೀಲಿಮಣೆ’. ಅವನು ಮನಸ್ಸಿಗೆ ಬಂದಾಗ ಪೆಟ್ಟಿಗೆಗೆ ಅಕ್ಷರದ ಚೀಟಿ ಹಾಕುತ್ತಾನೆ.

ಮೊದಲ ಸುತ್ತಿನಲ್ಲಿ ಪ್ರತಿ ಸಾಲಿನ ನಂತರ ಅವಳು ಬಂದು ಪೆಟ್ಟಿಗೆ ನೋಡಬೇಕು. ಎರಡನೇ ಸುತ್ತಿನಲ್ಲಿ ಕೀಲಿಮಣೆ ಮೇಜು ತಟ್ಟಿದಾಗ ಮಾತ್ರ ಬರಬೇಕು. ಆದರೆ ಬರುವ ಮೊದಲು ‘ಎಲ್ಲಿಗೆ ನಿಲ್ಲಿಸಿದೆ’ ಎಂದು ಚೀಟಿಯಲ್ಲಿ ಬರೆದಿಡಬೇಕು. ಮೂರನೇ ಸುತ್ತಿನಲ್ಲಿ ಆ ಚೀಟಿ ಬರೆಯಬಾರದು ಎಂದು ನಿಯಮ ಬದಲಿಸಿ, ಅವಳು ಮೇಜಿನ ಬಳಿ ಇರುವಾಗ ಹಲಗೆಯ ಕೊನೆಯ ಎರಡು ಸಾಲು ಅಳಿಸಿದೆ. ಹಿಂದಿರುಗಿದ ಅವಳು ಒಂದು ಕ್ಷಣ ನಿಂತು, ಮೇಲಿನಿಂದ ಮತ್ತೆ ಲೆಕ್ಕ ಹಾಕಿದಳು. ಸ್ಟ್ಯಾಕ್ ಏಕೆ ಬೇಕು ಎಂಬುದು ಇಡೀ ತರಗತಿಗೆ ಅಲ್ಲಿಯೇ ಸ್ಪಷ್ಟವಾಯಿತು.

ನಾಲ್ಕನೇ ಸುತ್ತಿನಲ್ಲಿ ‘ಗಡಿಯಾರ’ ಎಂಬ ಎರಡನೇ ಸಾಧನ ಸೇರಿಸಿ, ನಡುವೆ ಒಬ್ಬಳನ್ನು ‘ಕಂಟ್ರೋಲರ್’ ಆಗಿ ನಿಲ್ಲಿಸಿದೆ. ಸಾಧನಗಳು ಅವಳ ಬಳಿ ಹೇಳಬೇಕು. ಅವಳು ಆದ್ಯತೆ ನೋಡಿ ಸಿಪಿಯುಗೆ ಸಂಖ್ಯೆ ತೋರಿಸಬೇಕು. ಅವಳ ಮುಂದೆ ಪ್ರತಿ ಸಾಧನಕ್ಕೂ ಒಂದೇ ಒಂದು ಕಡ್ಡಿ ಇಟ್ಟಿದ್ದೆ. ಕರೆ ಬಂದರೆ ಕಡ್ಡಿ ನಿಲ್ಲಿಸುವುದು, ಸಿಪಿಯು ಒಪ್ಪಿಕೊಂಡರೆ ಮಲಗಿಸುವುದು. ಕೀಲಿಮಣೆ ಬೇಗ ಬೇಗ ಮೂರು ಬಾರಿ ಕರೆದಾಗ ಅವಳು ಗೊಂದಲಕ್ಕೀಡಾದಳು: ‘ಕಡ್ಡಿ ಆಗಲೇ ನಿಂತಿದೆ, ಈಗ ಏನು ಮಾಡಲಿ?’ ನಿಜವಾದ 8259 ಚಿಪ್ಪಿನಲ್ಲೂ ಹೀಗೆಯೇ, ಬಾಕಿ ಕರೆಗೆ ತಂತಿಗೊಂದೇ ಬಿಟ್. ಕರೆ ‘ಏನೋ ಆಗಿದೆ’ ಎಂದಷ್ಟೇ ಹೇಳುತ್ತದೆ. ಎಷ್ಟು ಆಗಿದೆ ಎಂದು ಹೇಳುವುದಿಲ್ಲ. ಅದನ್ನು ಹ್ಯಾಂಡ್ಲರ್ ಸಾಧನದ ಬಳಿ ಹೋಗಿ ನೋಡಿಯೇ ತಿಳಿಯಬೇಕು. ಸಾಧನದಲ್ಲಿ ಕಾದಿರುವ ಎಲ್ಲವನ್ನೂ ಓದುವಂತೆ ಡ್ರೈವರ್‌ಗಳನ್ನು ಬರೆಯುವುದು ಇದೇ ಕಾರಣಕ್ಕೆ.

ಎರಡನೇ ಅವಧಿ: ಪ್ರಾತ್ಯಕ್ಷಿಕೆ

ಉಬುಂಟು ಇರುವ ಲ್ಯಾಪ್‌ಟಾಪ್ ಒಂದನ್ನು ತರಗತಿಗೆ ಒಯ್ದಿದ್ದೆ. ಲಿನಕ್ಸ್‌ನಲ್ಲಿ ‘ಪ್ರಾಕ್’ ಕಡತಕೋಶದೊಳಗೆ ‘ಇಂಟರಪ್ಟ್ಸ್’ ಎಂಬ ಕಡತವಿದೆ. ಯಂತ್ರ ಆರಂಭವಾದಾಗಿನಿಂದ ಯಾವ ಕರೆ ಎಷ್ಟು ಬಾರಿ ಬಂದಿದೆ ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಎಡಗಡೆ ಕರೆಯ ಸಂಖ್ಯೆ, ನಂತರ ಸಿಪಿಯುವಿನ ಪ್ರತಿ ಕೋರ್‌ಗೆ ಒಂದು ಕಾಲಂ, ಬಲತುದಿಯಲ್ಲಿ ನೋಂದಾಯಿಸಿದ ಡ್ರೈವರ್‌ನ ಹೆಸರು. ಒಳಗಿನ ಕೀಲಿಮಣೆಯ ಸಾಲಿನಲ್ಲಿ ‘ಐ8042’ ಎಂದಿರುತ್ತದೆ. ಇದು ಹಳೆಯ ಕೀಲಿಮಣೆ ಕಂಟ್ರೋಲರ್ ಚಿಪ್ಪಿನ ಹೆಸರು.

ಈ ಕಡತವನ್ನು ‘ಕ್ಯಾಟ್’ ಆದೇಶದಿಂದ ತೋರಿಸಿದರೆ ಪ್ರತಿ ಬಾರಿ ಆದೇಶ ಟೈಪ್ ಮಾಡಬೇಕು. ಆ ಕೀಲಿಗಳೂ ಲೆಕ್ಕಕ್ಕೆ ಸೇರಿ ಮಕ್ಕಳಿಗೆ ಗೊಂದಲವಾಗುತ್ತದೆ. ‘ವಾಚ್’ ಆದೇಶವನ್ನು ಒಂದು ಸೆಕೆಂಡಿನ ಅಂತರಕ್ಕೆ ಕೊಟ್ಟರೆ ಸಂಖ್ಯೆಗಳು ತಾವಾಗಿಯೇ ಬದಲಾಗುತ್ತಿರುತ್ತವೆ.

ತೋರಿಸುವ ಮೊದಲು ಊಹಿಸಲು ಹೇಳಿದೆ. ಹಲಗೆಯಲ್ಲಿ ಈ ಪಟ್ಟಿ ಬರೆದೆ:

ಕೆ ಕೀಲಿ: ಒತ್ತಿದಾಗ 37, ಬಿಟ್ಟಾಗ 165
ಎಂಟರ್ ಕೀಲಿ: ಒತ್ತಿದಾಗ 28, ಬಿಟ್ಟಾಗ 156
ಮೇಲ್ಮುಖ ಬಾಣದ ಕೀಲಿ: ಒತ್ತಿದಾಗ 224 ಮತ್ತು 72, ಬಿಟ್ಟಾಗ 224 ಮತ್ತು 200

‘ಕೀಲಿಮಣೆ ಕಂಟ್ರೋಲರ್ ಒಂದೊಂದು ಸಂಖ್ಯೆ ಸಿದ್ಧವಾದಾಗಲೂ ಒಂದು ಕರೆ ಕೊಡುತ್ತದೆ. ಪ್ರತಿ ಕೀಲಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಎಷ್ಟು ಕರೆ? ಚೀಟಿಯಲ್ಲಿ ಬರೆಯಿರಿ, ಮುಗಿಸಿದವರು ಕೈ ಎತ್ತಿ’ ಎಂದು ಸೂಚಿಸಿ ನಾಲ್ಕು ನಿಮಿಷ ಕೊಟ್ಟೆ.

ನಂತರ ಒಬ್ಬೊಬ್ಬರಾಗಿ ಬಂದು ಕೀಲಿ ಒತ್ತಿದರು. ಕೆ ಕೀಲಿಗೆ ಎಣಿಕೆ 2 ಏರಿತು, ಎಂಟರ್‌ಗೆ 2, ಬಾಣಕ್ಕೆ 4. ಒತ್ತಿ ಹಿಡಿದಾಗ ಎಣಿಕೆ ಏರುತ್ತಲೇ ಹೋಯಿತು. ಒತ್ತಿದ್ದರ ಸಂಕೇತಕ್ಕೆ 128 ಕೂಡಿಸಿದರೆ ಬಿಟ್ಟದ್ದರ ಸಂಕೇತ ಬರುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು. 128 ಎಂದರೆ ಎಂಟನೇ ಬಿಟ್. ದ್ವಿಮಾನ ಪದ್ಧತಿಯ ಪಾಠಕ್ಕೆ ಇದನ್ನು ಜೋಡಿಸಬಹುದು.

ಇಲ್ಲಿಂದ ಮುಂದೆ ಕನ್ನಡದ ‘ಕ’ ಹೇಗೆ ಬರುತ್ತದೆ ಎಂಬ ಪ್ರಶ್ನೆ ಬಂತು. ಇಂಟರಪ್ಟ್ ಹ್ಯಾಂಡ್ಲರ್‌ಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದು 37 ಎಂಬ ಸಂಖ್ಯೆಯನ್ನು ಕಂಟ್ರೋಲರ್‌ನಿಂದ ಓದಿ ಮೇಲಿನ ಪದರಕ್ಕೆ ಕಳಿಸುತ್ತದೆ, ಅಷ್ಟೆ. ಅಲ್ಲಿ ಕೀಲಿಮಣೆ ವಿನ್ಯಾಸದ ಪಟ್ಟಿ ನೋಡಿ ಅಕ್ಷರ ನಿರ್ಧಾರವಾಗುತ್ತದೆ. ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲೂ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಆ ಕೀಲಿಗೆ ‘ಕ’ ಎಂದೇ ಇದೆ. ಕೀಲಿ ಒಂದೇ, ಸಂಖ್ಯೆ ಒಂದೇ. ಪಟ್ಟಿ ಬದಲಾದರೆ ಲಿಪಿ ಬದಲಾಗುತ್ತದೆ.

ಇದೇ ಪ್ರಾತ್ಯಕ್ಷಿಕೆ ಮಾಡುವವರು ಮೂರು ಸಂಗತಿ ಗಮನಿಸಬೇಕು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆ ಬೇರೆ ಮಾರ್ಗದಲ್ಲಿ ಜೋಡಣೆಯಾಗಿರುತ್ತದೆ. ಹಿಂದಿನ ದಿನವೇ ಪರೀಕ್ಷಿಸಿ. ನಮ್‌ಲಾಕ್ ಆರಿಸಿ, ಇಲ್ಲವಾದರೆ ಬಾಣದ ಕೀಲಿಗೆ ಹೆಚ್ಚುವರಿ ಸಂಕೇತಗಳು ಸೇರಬಹುದು. ಯುಎಸ್‌ಬಿ ಕೀಲಿಮಣೆ ಬಳಸಿದರೆ 1ನೇ ಸಾಲು ಏರುವುದಿಲ್ಲ, ಯುಎಸ್‌ಬಿ ಕಂಟ್ರೋಲರ್‌ನ ಸಾಲು ಏರುತ್ತದೆ. ಏಕೆಂದರೆ ಯುಎಸ್‌ಬಿ ಸಾಧನ ತಾನಾಗಿ ಕರೆಯಲಾರದು. ಕಂಟ್ರೋಲರ್ ಅದನ್ನು ನಿಗದಿತ ಅಂತರದಲ್ಲಿ ವಿಚಾರಿಸುತ್ತಿರುತ್ತದೆ, ಸುದ್ದಿ ಸಿಕ್ಕಾಗ ಕಂಟ್ರೋಲರ್ ಸಿಪಿಯುವನ್ನು ಕರೆಯುತ್ತದೆ. ಒಂದೇ ದಾರಿಯಲ್ಲಿ ಪೋಲಿಂಗ್ ಮತ್ತು ಇಂಟರಪ್ಟ್ ಎರಡೂ ಇರುವುದಕ್ಕೆ ಇದು ಉತ್ತಮ ಉದಾಹರಣೆ.

ಹ್ಯಾಂಡ್ಲರ್‌ನ ಎರಡು ಪಾಲು

ಈ ಭಾಗಕ್ಕೆ ಉದಾಹರಣೆ ಮಕ್ಕಳಿಂದಲೇ ಬಂತು. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳ ಕಡೆ ಕಾಡಾನೆ ಬಂದರೆ ಮೊಬೈಲ್‌ಗೆ ಸಂದೇಶ ಬರುತ್ತದೆ. ‘ಸಂದೇಶ ಬಂದಾಗ ತೋಟದಲ್ಲಿ ಇರುವವರು ಏನು ಮಾಡುತ್ತಾರೆ?’ ಎಂದು ಕೇಳಿದೆ. ಕೆಲಸ ನಿಲ್ಲಿಸುತ್ತಾರೆ, ಯಾವ ಸಾಲಿನವರೆಗೆ ಕೊಯ್ಲಾಗಿದೆ ಎಂದು ಗುರುತು ಇಟ್ಟುಕೊಳ್ಳುತ್ತಾರೆ, ಪಕ್ಕದವರಿಗೆ ಹೇಳುತ್ತಾರೆ, ಸುರಕ್ಷಿತ ಜಾಗಕ್ಕೆ ಹೋಗುತ್ತಾರೆ. ‘ಎಷ್ಟು ಗಿಡ ಮುರಿಯಿತು, ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು ಎಂದು ಆಗಲೇ ಯೋಚಿಸುತ್ತಾರೆಯೇ?’ ‘ಇಲ್ಲ, ಅದೆಲ್ಲ ಮಾರನೆಯ ದಿನ, ಮಹಜರು ಮಾಡುವಾಗ.’

ಡ್ರೈವರ್ ಕೂಡ ಹೀಗೆಯೇ ಕೆಲಸ ಹಂಚಿಕೊಳ್ಳುತ್ತದೆ. ತುರ್ತು ಪಾಲಿಗೆ ಟಾಪ್ ಹಾಫ್ ಎಂದು ಹೆಸರು: ಸಾಧನದಿಂದ ಮಾಹಿತಿ ತೆಗೆದುಕೊಳ್ಳುವುದು, ‘ಕರೆ ಮುಟ್ಟಿತು’ ಎಂದು ಸಾಧನಕ್ಕೆ ತಿಳಿಸುವುದು, ಉಳಿದ ಕೆಲಸವನ್ನು ಸರದಿಗೆ ಹಾಕುವುದು. ನಂತರದ ಪಾಲು ಬಾಟಂ ಹಾಫ್: ಮಾಹಿತಿಯನ್ನು ಸಂಸ್ಕರಿಸಿ ಸಂಬಂಧಪಟ್ಟ ಪ್ರೋಗ್ರಾಂಗೆ ತಲುಪಿಸುವುದು. ಇದಕ್ಕೆ ಲಿನಕ್ಸ್‌ನಲ್ಲಿ ಸಾಫ್ಟ್‌ಐಆರ್‌ಕ್ಯು, ಟಾಸ್ಕ್‌ಲೆಟ್, ವರ್ಕ್‌ಕ್ಯೂ ಎಂಬ ಏರ್ಪಾಡುಗಳಿವೆ. 2009ರ 2.6.30ನೇ ಆವೃತ್ತಿಯಿಂದ ನಂತರದ ಪಾಲನ್ನು ಪ್ರತ್ಯೇಕ ಥ್ರೆಡ್‌ಗೆ ಒಪ್ಪಿಸುವ ಸೌಲಭ್ಯವೂ ಇದೆ.

ತುರ್ತು ಪಾಲು ಚಿಕ್ಕದಾಗಿರಬೇಕು ಎಂಬುದಕ್ಕೆ ಕಾರಣವಿದೆ. ಅದು ನಡೆಯುತ್ತಿರುವಾಗ ಆ ಕೋರ್‌ನಲ್ಲಿ ಇತರ ಇಂಟರಪ್ಟ್‌ಗಳು ತಡೆಹಿಡಿಯಲ್ಪಟ್ಟಿರುತ್ತವೆ. ಅಲ್ಲಿ ಕಾಯುತ್ತಾ ಕೂರುವ ಅಥವಾ ನಿದ್ರಿಸುವ ಯಾವ ಫಂಕ್ಷನ್ ಅನ್ನೂ ಕರೆಯುವಂತಿಲ್ಲ. ನಿದ್ರಿಸಿದರೆ ಎಬ್ಬಿಸಿ ಮುಂದುವರಿಸಲು ಹ್ಯಾಂಡ್ಲರ್ ಒಂದು ಸ್ವತಂತ್ರ ಪ್ರಕ್ರಿಯೆಯಲ್ಲ. ಅದು ಇನ್ನೊಬ್ಬರ ಕೆಲಸದ ನಡುವೆ ಬಂದು ನಿಂತಿರುತ್ತದೆ.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ಆನೆ ಗಂಟೆಗಟ್ಟಲೆ ತೋಟದಲ್ಲಿ ಇರಬಹುದು. ತುರ್ತು ಪಾಲು ಸಾಮಾನ್ಯವಾಗಿ ಮುಗಿಯುವುದು ಮೈಕ್ರೋಸೆಕೆಂಡುಗಳಲ್ಲಿ. ‘ಹಾಗಾದರೆ ಸಿಪಿಯು ಹೆದರಿ ಓಡುತ್ತದಾ?’ ಎಂಬ ನಗೆಯ ಪ್ರಶ್ನೆ ಬಂದಾಗ ಈ ಮಿತಿಯನ್ನು ವಿವರಿಸಲು ಅವಕಾಶವಾಯಿತು.

ಮಕ್ಕಳ ಪ್ರಶ್ನೆಗಳು ಮತ್ತು ಕೊಟ್ಟ ಉತ್ತರಗಳು

‘ಒಂದೇ ತಂತಿಯನ್ನು ಇಬ್ಬರು ಹಂಚಿಕೊಂಡರೆ ಕರೆದದ್ದು ಯಾರು ಎಂದು ಹೇಗೆ ಗೊತ್ತು?’ ಲಿನಕ್ಸ್ ಆ ಸಂಖ್ಯೆಗೆ ನೋಂದಾಯಿಸಿದ ಎಲ್ಲ ಹ್ಯಾಂಡ್ಲರ್‌ಗಳನ್ನೂ ವಿಚಾರಿಸುತ್ತದೆ. ಪ್ರತಿಯೊಂದೂ ತನ್ನ ಸಾಧನವನ್ನು ನೋಡಿ ‘ನನ್ನದು, ಮಾಡಿದೆ’ ಅಥವಾ ‘ನನ್ನದಲ್ಲ’ ಎಂದು ಉತ್ತರಿಸಬೇಕು. ಯಾರೂ ಒಪ್ಪಿಕೊಳ್ಳದ ಕರೆಗಳು 1,00,000ಕ್ಕೆ 99,900ನ್ನೂ ಮೀರಿದರೆ ಕರ್ನೆಲ್ ಆ ತಂತಿಯನ್ನೇ ಮುಚ್ಚಿ, ‘ನೋಬಡಿ ಕೇರ್ಡ್’ ಎಂದು ದಾಖಲೆ ಬರೆಯುತ್ತದೆ. ಯಾರೂ ಗಮನಿಸಲಿಲ್ಲ ಎಂದು ಅರ್ಥ.

‘ಎಲ್ಲರೂ ಒಟ್ಟಿಗೆ ಕರೆಯುತ್ತಲೇ ಇದ್ದರೆ?’ ಜಾಲದ ಕಾರ್ಡ್‌ಗಳಲ್ಲಿ ಇದು ನಿಜವಾದ ಸಮಸ್ಯೆ. ಪ್ಯಾಕೆಟ್‌ಗಳು ಭರದಿಂದ ಬಂದಾಗ ಸಿಪಿಯು ಕರೆಗೆ ಓಗೊಡುವುದರಲ್ಲೇ ಸಮಯ ಕಳೆದು, ಒಂದು ಪ್ಯಾಕೆಟ್ಟನ್ನೂ ಪೂರ್ತಿ ಮುಗಿಸದೆ ಉಳಿಯಬಹುದು. ಇದಕ್ಕೆ ರಿಸೀವ್ ಲೈವ್‌ಲಾಕ್ ಎಂದು ಹೆಸರು. 1996ರಲ್ಲಿ ಜೆಫ್ರಿ ಮೋಗಲ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ.ಕೆ. ರಾಮಕೃಷ್ಣನ್ ಇದಕ್ಕೆ ಪರಿಹಾರ ಬರೆದರು: ಒತ್ತಡ ಹೆಚ್ಚಾದಾಗ ಕರೆಗಳನ್ನು ತಡೆದು ಪೋಲಿಂಗ್‌ಗೆ ಬದಲಾಗಬೇಕು. ಲಿನಕ್ಸ್‌ನ ‘ನಾಪಿ’ ವ್ಯವಸ್ಥೆ ಇಂಥದ್ದೇ. ಮೊದಲ ಪ್ಯಾಕೆಟ್ಟಿನ ಕರೆ ಬಂದ ಕೂಡಲೇ ಡ್ರೈವರ್ ಕಾರ್ಡಿನ ಕರೆಯನ್ನು ನಿಲ್ಲಿಸಿ, ತಾನೇ ಸರದಿಯಂತೆ ತೆಗೆದುಕೊಳ್ಳುತ್ತಾ ಹೋಗುತ್ತದೆ. ಎಲ್ಲ ಖಾಲಿಯಾದ ಮೇಲೆ ಮತ್ತೆ ಕರೆಗೆ ಅನುಮತಿ ಕೊಡುತ್ತದೆ.

‘ಸಾಧನ ಕೆಲಸ ಮುಗಿಸಿಯೂ ಅದರ ಕರೆ ಬರದೇ ಹೋದರೆ?’ ಮಧ್ಯದ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಈ ಪ್ರಶ್ನೆಯೇ ಎರಡು ಅವಧಿಗಳಲ್ಲಿ ಬಂದ ಉತ್ತಮ ಪ್ರಶ್ನೆ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್‌ಗೆ ಸಿಗ್ನಲ್ ಸಿಗದಿದ್ದರೆ ಕರೆಂಟ್ ಬಂದರೂ ಫೋನ್ ಬರುವುದಿಲ್ಲ ಎಂದು ಅವಳೇ ಉದಾಹರಣೆ ಕೊಟ್ಟಳು.

ಒಳ್ಳೆಯ ಡ್ರೈವರ್ ಕರೆಯನ್ನೇ ನಂಬಿ ಕೂರುವುದಿಲ್ಲ. ಸಾಧನಕ್ಕೆ ಒಂದು ಕೆಲಸ ಒಪ್ಪಿಸುವಾಗಲೇ ಅವಧಿಯನ್ನೂ ಗೊತ್ತುಪಡಿಸುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಕೊಟ್ಟ ಆದೇಶಕ್ಕೆ ಸಾಮಾನ್ಯವಾಗಿ 30 ಸೆಕೆಂಡ್ ಗಡುವು. ಅಷ್ಟರಲ್ಲಿ ಕರೆ ಬಾರದಿದ್ದರೆ ಡ್ರೈವರ್ ತಾನೇ ವಿಚಾರಿಸಲು ಹೊರಡುತ್ತದೆ. ಈಗಿನ ಎನ್‌ವಿಎಂಇ ಡಿಸ್ಕ್‌ಗಳ ಡ್ರೈವರ್ ಗಡುವು ಮೀರಿದಾಗ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಮುಗಿದ ಕೆಲಸಗಳ ಸರದಿಯನ್ನು ಹೋಗಿ ನೋಡುವುದು. ಕೆಲಸ ಮುಗಿದಿದ್ದು ಕರೆ ಮಾತ್ರ ತಪ್ಪಿಹೋಗಿದ್ದರೆ ‘ಕಂಪ್ಲೀಷನ್ ಪೋಲ್ಡ್’ ಎಂದು ದಾಖಲಿಸುತ್ತದೆ. ಅಂದರೆ, ಮುಗಿದಿತ್ತು, ನಾವೇ ಹೋಗಿ ನೋಡಿದಾಗ ತಿಳಿಯಿತು.

ಕಪ್ಪುಹಲಗೆ ಸಾರಾಂಶ

1. ಸಾಧನ ಕರೆಯುತ್ತದೆ, ಕಂಟ್ರೋಲರ್ ಆದ್ಯತೆ ನೋಡಿ ಸಿಪಿಯುಗೆ ತಿಳಿಸುತ್ತದೆ.
2. ಸಿಪಿಯು ನಿಂತ ಜಾಗವನ್ನು ಬರೆದಿಟ್ಟು ಹ್ಯಾಂಡ್ಲರ್‌ಗೆ ಹೋಗುತ್ತದೆ.
3. ಹ್ಯಾಂಡ್ಲರ್ ‘ನನ್ನದೇ?’ ಎಂದು ನೋಡಿ, ಮಾಹಿತಿ ಪಡೆದು, ಕರೆ ಮುಟ್ಟಿತೆಂದು ತಿಳಿಸುತ್ತದೆ.
4. ಉಳಿದ ಕೆಲಸ ನಂತರದ ಪಾಲಿಗೆ.
5. ಸಿಪಿಯು ಬಿಟ್ಟಲ್ಲಿಂದ ಮುಂದುವರಿಯುತ್ತದೆ.
6. ಗಡುವಿನೊಳಗೆ ಕರೆ ಬಾರದಿದ್ದರೆ ಡ್ರೈವರ್ ತಾನೇ ಹೋಗಿ ನೋಡುತ್ತದೆ.

ಮೌಲ್ಯಮಾಪನ ಪ್ರಶ್ನೆಗಳು

1. ಹಾಲಿನ ಡೈರಿಯ ಸರದಿ ಮತ್ತು ಮನೆಯ ಕರೆಗಂಟೆ: ಇವುಗಳಲ್ಲಿ ಪೋಲಿಂಗ್‌ಗೆ ಹತ್ತಿರವಾದದ್ದು ಯಾವುದು, ಇಂಟರಪ್ಟ್‌ಗೆ ಹತ್ತಿರವಾದದ್ದು ಯಾವುದು? ಕಾರಣ ಕೊಡಿ.
2. ಕೆ ಕೀಲಿಯನ್ನು ಮೂರು ಬಾರಿ, ಮೇಲ್ಮುಖ ಬಾಣವನ್ನು ಎರಡು ಬಾರಿ ಒತ್ತಿ ಬಿಟ್ಟರೆ ಒಟ್ಟು ಎಷ್ಟು ಕರೆ?
3. ಹ್ಯಾಂಡ್ಲರ್‌ನೊಳಗೆ ಕಡತವನ್ನು ಡಿಸ್ಕಿಗೆ ಬರೆಯುವ ಕೆಲಸ ಇಡಬಹುದೇ? ಏಕೆ?
4. ಕರೆ ಬಂದಿದೆ ಎಂದ ಮಾತ್ರಕ್ಕೆ ಒಂದೇ ಘಟನೆ ನಡೆದಿದೆ ಎನ್ನಬಹುದೇ?

ಎರಡನೇ ಪ್ರಶ್ನೆಗೆ ಉತ್ತರ 14. ಮೊದಲನೆಯದಕ್ಕೆ ಮಕ್ಕಳಲ್ಲಿ ಚರ್ಚೆ ಎದ್ದಿತು. ಡೈರಿಯಲ್ಲಿ ಸರದಿ ಪ್ರಕಾರ ಒಬ್ಬೊಬ್ಬರನ್ನೇ ನೋಡುತ್ತಾರೆ, ಯಾರೂ ಕೂಗಬೇಕಿಲ್ಲ ಎಂಬ ಸಮರ್ಥನೆಯನ್ನು ಒಪ್ಪಿಕೊಂಡೆ.

ತರಗತಿ ನಿರ್ವಹಣೆಗೆ ಅನ್ವಯ

ಬೋಧನಾಭ್ಯಾಸದ ಅವಲೋಕನದಲ್ಲಿ ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ’ಯನ್ನು ನಾವು ಬಹುಮಟ್ಟಿಗೆ ಎತ್ತಿದ ಕೈಗಳಿಂದ ಅಳೆಯುತ್ತೇವೆ. ಅಂದರೆ ನಮ್ಮ ತರಗತಿ ಸಂಪೂರ್ಣವಾಗಿ ಇಂಟರಪ್ಟ್ ಆಧಾರಿತ. ಚಿತ್ರ ಬರೆಯುವಾಗ ‘ಸ್ವಲ್ಪ ಹೊತ್ತು ಪ್ರಶ್ನೆ ಬೇಡ’ ಎಂದು ಕರೆ ತಡೆಯುತ್ತೇವೆ. ಮುಗಿದ ಮೇಲೆ ‘ಈಗ ಕೇಳಿ’ ಎಂದು ತೆರೆಯಲು ಮರೆಯಬಾರದು. ದೀರ್ಘ ಉತ್ತರ ಬೇಡುವ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಕೊನೆಗೆ ಎತ್ತಿಕೊಳ್ಳುವುದು ನಂತರದ ಪಾಲು. ಹತ್ತಾರು ಕೈಗಳು ಒಟ್ಟಿಗೆ ಎದ್ದರೆ ‘ಕೈ ಇಳಿಸಿ, ಸಾಲಿನಂತೆ ಬರುತ್ತೇನೆ’ ಎನ್ನುವುದು ನಾಪಿ.

ಇವೆಲ್ಲ ಕರೆಯುವ ಮಕ್ಕಳ ವಿಷಯ. ಊಹೆಯ ಚೀಟಿಯ ಚಟುವಟಿಕೆಯಲ್ಲಿ ನಾಲ್ಕು ನಿಮಿಷದ ಗಡುವನ್ನು ಯೋಜನೆಯಲ್ಲೇ ಸೇರಿಸಿದ್ದೆ: ಆ ವೇಳೆಗೆ ಕೈ ಎತ್ತದವರ ಬೆಂಚಿನ ಬಳಿಗೆ ನಾನೇ ಹೋಗಬೇಕು. ಹೋದಾಗ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಚೀಟಿಯನ್ನು ಮಡಚಿ ಅಂಗೈ ಕೆಳಗೆ ಇಟ್ಟುಕೊಂಡು ಕುಳಿತಿದ್ದ. ತೋಟದ ಕೆಲಸಕ್ಕೆ ಹೊರರಾಜ್ಯದಿಂದ ಬಂದ ಕುಟುಂಬದವನು. ಕನ್ನಡ ಓದಲು ಇನ್ನೂ ತಡವರಿಸುತ್ತಾನೆ. ತರಗತಿಯಲ್ಲಿ ಕೈ ಎತ್ತಿದ್ದನ್ನು ನೋಡಿಲ್ಲ ಎಂದು ಮಾರ್ಗದರ್ಶಕ ಶಿಕ್ಷಕರು ಮೊದಲೇ ತಿಳಿಸಿದ್ದರು. ಚೀಟಿ ಬಿಚ್ಚಿ ನೋಡಿದೆ. ಅಕ್ಷರ ಒಂದೂ ಇರಲಿಲ್ಲ. ಒಂದರ ಕೆಳಗೊಂದು ಮೂರು ಅಂಕಿಗಳಿದ್ದವು: 2, 2, 4. ಮೂರೂ ಸರಿ. ಪ್ರಾತ್ಯಕ್ಷಿಕೆಯಲ್ಲಿ ಬಾಣದ ಕೀಲಿ ಒತ್ತಲು ಅವನನ್ನೇ ಕರೆದೆ. ಎಣಿಕೆ ನಾಲ್ಕು ಏರಿದಾಗ ಬೆರಳಿನಲ್ಲಿ ನಾಲ್ಕು ತೋರಿಸಿದ.

ಆ ಹುಡುಗ ಕೆಲಸ ಮುಗಿಸಿದ್ದ. ಕರೆ ಬಂದಿರಲಿಲ್ಲ, ಅಷ್ಟೆ. ಕೈಗಳನ್ನಷ್ಟೇ ಎಣಿಸಿದ್ದರೆ ಅವಲೋಕನ ಪತ್ರದಲ್ಲಿ ಅವನು ‘ಪಾಲ್ಗೊಳ್ಳದವನು’ ಆಗುತ್ತಿದ್ದ. ಭಾಷೆಯ ಕಾರಣಕ್ಕೋ ಸಂಕೋಚಕ್ಕೋ ಕರೆಯಲಾರದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಏನೂ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಹೋಗಿ ನೋಡಬೇಕು.

ಆದ್ದರಿಂದ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ. ಪಾಠ ಯೋಜನೆಯಲ್ಲಿ ‘ವಿದ್ಯಾರ್ಥಿ ಚಟುವಟಿಕೆ’ ಎಂಬ ಕಾಲಂ ಎದುರು ನಿಮಿಷಗಳನ್ನು ಬರೆಯುವಾಗ, ಆ ನಿಮಿಷಗಳು ಮುಗಿದ ಮೇಲೆ ಯಾರ ಬೆಂಚಿಗೆ ಹೋಗುತ್ತೀರಿ ಎಂಬುದನ್ನೂ ಬರೆಯಿರಿ. ವಿಷಯ ಯಾವುದೇ ಇರಲಿ, ಭೌತವಿಜ್ಞಾನವಿರಲಿ ಗಣಿತವಿರಲಿ, ಇದಕ್ಕೆ ಲ್ಯಾಪ್‌ಟಾಪ್ ಬೇಕಾಗಿಲ್ಲ. ಗಡುವು ಮತ್ತು ಎದ್ದು ಹೋಗುವ ಅಭ್ಯಾಸ ಇದ್ದರೆ ಸಾಕು.